ಮಾಪುಲೆಂಗ್ ಕಟ್ಟಿದ ಕೊರಕಲು

ಹಾ ಲೆಪೋಲೆ ಎಂಬ ನಮ್ಮ ಊರಿನಲ್ಲಿ ಜೋರು ಮಳೆ ಶುರುವಾದರೆ ನಾವು ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಟ್ಟು ಕೂರುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಇಳಿಜಾರಿನ ಕಡೆಯಿಂದ ‘ಧೊಪ್’ ಎಂದು ಭಾರವಾದ ಸದ್ದು ಬರುತ್ತಿತ್ತು. ಕೊರಕಲಿನ ದಂಡೆ ಕುಸಿದ ಸದ್ದು ಅದು. ಯಾರದೋ ಹೊಲದ ಒಂದು ಹೋಳು ಹೋಯಿತು ಎಂದು ಅರ್ಥ. ಯಾರದು ಎಂಬುದು ಮಳೆ ನಿಂತ ಮೇಲೆ ಗೊತ್ತಾಗಬೇಕು. ಅಲ್ಲಿಯವರೆಗೂ ಪ್ರತಿಯೊಬ್ಬಳೂ ಅದು ತನ್ನದಾಗದಿರಲಿ ಎಂದುಕೊಳ್ಳುತ್ತಾ, ಹಾಗೆ ಅಂದುಕೊಂಡದ್ದಕ್ಕೆ ಪಕ್ಕದವಳ ಮುಖ ನೋಡಲಾಗದೆ ಕೂತಿರುತ್ತಿದ್ದೆವು.

ನನ್ನ ಮಾವನ ಕಾಲದಲ್ಲಿ ಆ ಕೊರಕಲನ್ನು ಹುಡುಗರು ಹಾರಿ ದಾಟುತ್ತಿದ್ದರಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅದರೊಳಗೆ ಕುದುರೆ ಸವಾರ ಹೋದರೆ ಅವನ ಹುಲ್ಲುಟೋಪಿಯ ತುದಿಯೂ ಮೇಲಕ್ಕೆ ಕಾಣುತ್ತಿರಲಿಲ್ಲ. ಕೆಂಪು ಗೋಡೆಗಳ ಆ ಬಾಯಿ ವರ್ಷವರ್ಷವೂ ಮೇಲಕ್ಕೆ ತೆವಳುತ್ತಾ ಬರುತ್ತಿತ್ತು. ಕುರಿ ಬಿದ್ದವು, ದನ ಬಿದ್ದವು, ಮದುವೆಮನೆಯಲ್ಲಿ ಕುಡಿದು ಬರುತ್ತಿದ್ದ ಒಬ್ಬ ಮುದುಕನೂ ಬಿದ್ದ. ಗಂಡಸರು ಊರಲ್ಲಿದ್ದಿದ್ದರೆ ಏನಾದರೂ ದಾರಿ ಹುಡುಕುತ್ತಿದ್ದರು ಎಂದು ಅತ್ತೆಯಂದಿರು ಹೇಳುತ್ತಿದ್ದರು. ಗಂಡಸರೆಲ್ಲ ಗಡಿಯಾಚೆಯ ಚಿನ್ನದ ಗಣಿಗಳಲ್ಲಿ, ನೆಲದ ಅಡಿಯಲ್ಲಿದ್ದರು. ಊರಲ್ಲಿ ಉಳಿದ ಗಂಡಸರೆಂದರೆ ಹಲ್ಲು ಬಿದ್ದವರು, ಹಲ್ಲು ಮೂಡದವರು ಮತ್ತು ಗಣಿಯ ದೂಳನ್ನು ಎದೆಯಲ್ಲಿ ಹೊತ್ತು ಕೆಮ್ಮುತ್ತಾ ವಾಪಸಾದವರು.

ಮಾಪುಲೆಂಗ್ ಮತ್ತು ನಾನು ಒಂದೇ ಚಳಿಗಾಲದಲ್ಲಿ ಈ ಊರಿಗೆ ಸೊಸೆಯರಾಗಿ ಬಂದವರು. ಅವಳ ಅತ್ತೆ ಅವಳು ಹೊಸಿಲು ದಾಟಿದ ದಿನವೇ ಇನ್ನೂ ಹುಟ್ಟದ ಮೊಮ್ಮಗಳಿಗೆ ‘ಪುಲೆಂಗ್’, ಅಂದರೆ ಮಳೆಯಲ್ಲಿ ಬಂದವಳು, ಎಂದು ಹೆಸರಿಟ್ಟು, ಸೊಸೆಯನ್ನು ಪುಲೆಂಗಳ ತಾಯಿ ಎಂದು ಕರೆದಳು. ಹಾಗೆ ಅವಳು ಮಾಪುಲೆಂಗ್ ಆದಳು. ನಾನೂ ಹಾಗೆಯೇ ಮಾತುಮೆಲೊ ಆದೆ. ನಮ್ಮ ಮನೆಗಳ ನಡುವೆ ಒಂದು ಮೋಟುಗೋಡೆ, ನಮ್ಮ ಹೊಲಗಳ ನಡುವೆ ಒಂದು ಬದು. ಅವಳು ಕುಳ್ಳಿ, ಅಗಲವಾದ ಅಂಗೈಗಳವಳು, ಮಾತು ಕಡಿಮೆ. ಬೇರೆಯವರು ನಕ್ಕು ಮುಗಿಸಿದ ಮೇಲೆ ಒಬ್ಬಳೇ ನಗುವ ಅಭ್ಯಾಸ ಅವಳಿಗಿತ್ತು. ಅವಳ ಗಂಡ ಲೆಬಿನಾ ಮದುವೆಯಾದ ಕೆಲವೇ ವಾರಗಳಲ್ಲಿ ಕಂಬಳಿ ಮಡಿಸಿಕೊಂಡು ಗಣಿಯ ಬಸ್ಸು ಹತ್ತಿದ. ನನ್ನವನೂ ಅದೇ ಬಸ್ಸಿನಲ್ಲಿದ್ದ. ಆಮೇಲೆ ಅವರು ನಮಗೆ ಕ್ರಿಸ್ಮಸ್ಸಿಗೆ ಬಂದು ಹೋಗುವ ನೆಂಟರಾದರು.

ಲೆಬಿನಾನ ಅಣ್ಣ ಮೊಹಾಪಿ ಪಕ್ಕದ ಮನೆಯಲ್ಲೇ ಇದ್ದ. ಅವನೂ ಗಣಿ ಕಂಡವನೇ. ಎದೆ ಕೆಟ್ಟು ಮನೆಗೆ ಬಂದಿದ್ದ. ತಮ್ಮ ಇಲ್ಲದಾಗ ತಮ್ಮನ ಹೊಲ, ಎತ್ತು, ನೇಗಿಲು ಎಲ್ಲಕ್ಕೂ ಅವನದೇ ಮಾತು. ಕೆಟ್ಟವನೇನಲ್ಲ. ಆದರೆ ಮೊದಲು ತನ್ನ ಹೊಲ ಉತ್ತು, ಆಮೇಲೆ ತನ್ನ ಭಾವಮೈದುನರದ್ದು ಉತ್ತು, ಕೊನೆಗೆ ಮಾಪುಲೆಂಗಳ ಹೊಲಕ್ಕೆ ಬರುತ್ತಿದ್ದ. ತಡವಾಗಿ ಬಿತ್ತಿದ ಮುಸುಕಿನ ಜೋಳ ತೆನೆ ಕಟ್ಟುವಷ್ಟರಲ್ಲಿ ಮಂಜು ಬಿದ್ದು ಸುಟ್ಟುಹೋಗುತ್ತಿತ್ತು. ಅವಳೇ ಎತ್ತು ಹೂಡುವಂತಿರಲಿಲ್ಲ. ಹೆಂಗಸು ದೊಡ್ಡಿಯೊಳಗೆ ಕಾಲಿಟ್ಟರೆ ದನ ಗಬ್ಬ ಕಟ್ಟುವುದಿಲ್ಲ, ಎತ್ತು ಕುಂಟಾಗುತ್ತದೆ ಎಂದು ನಾವೆಲ್ಲ ಕೇಳಿಕೊಂಡು ಬೆಳೆದಿದ್ದೆವು, ನಂಬಿಯೂ ಇದ್ದೆವು.

ಪುಲೆಂಗ್ ಹುಟ್ಟಿ ನಡೆಯಲು ಕಲಿತ ವರ್ಷ ಒಂದು ಮಧ್ಯಾಹ್ನ ಆ ‘ಧೊಪ್’ ಸದ್ದು ತೀರಾ ಹತ್ತಿರ ಕೇಳಿಸಿತು. ಮಳೆ ಬಿಟ್ಟ ಮೇಲೆ ಹೋಗಿ ನೋಡಿದರೆ ಮಾಪುಲೆಂಗಳ ಹೊಲದ ಒಂದು ಮೂಲೆ ನಿಂತ ಪೈರಿನ ಸಮೇತ ಕೊರಕಲಿಗೆ ಇಳಿದಿತ್ತು. ಹಸಿರು ದಂಟುಗಳು ಕೆಸರಿನಲ್ಲಿ ತಲೆಕೆಳಗಾಗಿ ಬಿದ್ದಿದ್ದವು. ಅವಳು ದಂಡೆಯ ತುದಿಯಲ್ಲಿ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದಳು.

‘ಅಳಬೇಡ ಕಣೇ’ ಎಂದೆ.

‘ಅಳ್ತಿಲ್ಲ. ನೋಡ್ತಿದೀನಿ.’

‘ನೋಡೋಕೇನಿದೆ? ಹೋಗಿದ್ದು ಹೋಯ್ತು.’

‘ಅಲ್ನೋಡು, ಆ ಮುರುಕು ಎಳೆಬಂಡಿ.’

ಯಾರೋ ಎಂದೋ ಬಿಸಾಡಿದ ಗಾಲಿಯಿಲ್ಲದ ಮರದ ಬಂಡಿ ಕೊರಕಲಿನ ಇಕ್ಕಟ್ಟಿನಲ್ಲಿ ಅಡ್ಡ ಸಿಕ್ಕಿಕೊಂಡಿತ್ತು. ಅದರ ಹಿಂದೆ ಕಪ್ಪು ಮಣ್ಣು ಚಾಪೆ ಹಾಸಿದ ಹಾಗೆ ಸಮನಾಗಿ ಕೂತಿತ್ತು. ಆ ಮಣ್ಣಿನಲ್ಲಿ ಯಾರೂ ಬಿತ್ತದ ಒಂದು ಕುಂಬಳದ ಬಳ್ಳಿ ಹೂ ಬಿಟ್ಟುಕೊಂಡು ಹರಿದಾಡುತ್ತಿತ್ತು.

‘ನೀರು ಕಳ್ಳ ಕಣೇ ಮಾತುಮೆಲೊ’ ಎಂದಳು. ‘ಯಾರಾದ್ರೂ ಅಡ್ಡ ನಿಂತ್ರೆ ಕದ್ದಿದ್ದನ್ನ ಅಲ್ಲೇ ಇಟ್ಟು ಓಡಿಹೋಗುತ್ತೆ.’

ಆ ಬಂಡಿಯನ್ನು ನಾನೂ ದಿನಾ ನೋಡಿದ್ದೆ. ಊರೆಲ್ಲ ನೋಡಿತ್ತು. ಅದರಲ್ಲಿ ಇಂಥದ್ದೊಂದು ಇದೆ ಎಂದು ಅವಳೊಬ್ಬಳ ಕಣ್ಣಿಗೆ ಬಿತ್ತು.

ಕೊಯ್ಲು ಮುಗಿದು ಚಳಿ ಶುರುವಾದ ಮೇಲೆ ಅವಳು ಮೊಹಾಪಿಯ ಹತ್ತಿರ ಹೋದಳು. ನಾನೂ ಜೊತೆಗಿದ್ದೆ. ಅವನು ಗೋಡೆಗೆ ಒರಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ.

‘ಭಾವ, ಎತ್ತು ಬೇಕಿತ್ತು. ಗುಡ್ಡದಿಂದ ಕಲ್ಲು ತರಬೇಕು.’

‘ಕಲ್ಲು ಯಾಕವ್ವಾ? ಮನೆ ಕಟ್ತೀಯಾ?’

‘ಕೊರಕಲು ಕಟ್ತೀನಿ.’

ಮೊಹಾಪಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು. ಸುಧಾರಿಸಿಕೊಂಡು ಹೇಳಿದ: ‘ನಮ್ಮಪ್ಪನ ಕೈಲಾಗಲಿಲ್ಲ, ಸರ್ಕಾರದ ಕೈಲಾಗಲಿಲ್ಲ. ಆ ಹೊಲದ ಆಸೆ ಬಿಡು. ಲೆಬಿನಾ ಬಂದಾಗ ಊರೊಡೆಯನ ಹತ್ರ ಬೇರೆ ಹೊಲ ಕೇಳಿದ್ರಾಯ್ತು.’

‘ಅವ್ರು ಬರೋಷ್ಟರಲ್ಲಿ ಕೊರಕಲು ನಿಮ್ಮ ಬಾಗಿಲಿಗೇ ಬಂದಿರುತ್ತೆ, ಭಾವ.’

‘ಬಂದ್ರೆ ಕೂರಿಸಿ ಬಿಯರ್ ಕೊಡ್ತೀನಿ. ಹೋಗವ್ವಾ, ಹೋಗು.’

ಎತ್ತು ಸಿಗಲಿಲ್ಲ. ಅವಳು ಆ ಚಳಿಗಾಲವೆಲ್ಲ ತಲೆಯ ಮೇಲೆ ಕಲ್ಲು ಹೊತ್ತಳು. ಬೆಳಿಗ್ಗೆ ನೀರು ತಂದು, ಮಗುವಿಗೆ ಹುಳಿಗಂಜಿ ಕುಡಿಸಿ, ಕಂಬಳಿಯನ್ನು ಎದೆಗೆ ಬಿಗಿದು ಹೊರಟರೆ ಬಿಸಿಲು ಇಳಿಯುವವರೆಗೂ ಗುಡ್ಡದ ಬುಡಕ್ಕೂ ಕೊರಕಲಿಗೂ ಓಡಾಟ. ಕೊರಕಲಿನ ಅಗಲದುದ್ದಕ್ಕೂ ತನ್ನ ಎದೆಯೆತ್ತರಕ್ಕೆ ಒಂದೇ ಒಂದು ಗೋಡೆ ಕಟ್ಟಿದಳು. ನಾವು ನೀರಿಗೆ ಹೋಗುವಾಗ ನಿಂತು ನೋಡುತ್ತಿದ್ದೆವು. ‘ಯಾರನ್ನ ಹೂಳ್ತಿದೀಯೇ?’ ಎಂದು ಒಬ್ಬಳು ಕೇಳಿದರೆ, ‘ನಾಳೆ ಹೇಳ್ತೀನಿ, ಇವತ್ತು ಎರಡು ಕಲ್ಲು ಹಿಡ್ಕೊ’ ಎನ್ನುತ್ತಿದ್ದಳು.

ವಸಂತದ ಮೊದಲ ದೊಡ್ಡ ಮಳೆಗೆ ಗೋಡೆ ಹೋಯಿತು. ಒಂದು ಕಲ್ಲಾದರೂ ಜಾಗದಲ್ಲಿ ಉಳಿಯಲಿಲ್ಲ. ಅವಳು ಅಷ್ಟು ದಿನ ಹೊತ್ತ ಕಲ್ಲುಗಳು ಕೆಳಗೆ ಹೊಳೆಯ ಹತ್ತಿರ ಚೆಲ್ಲಾಪಿಲ್ಲಿಯಾಗಿದ್ದವು. ನಾನು ಅವಳ ಮನೆಗೆ ಹೋದಾಗ ಅವಳು ಒಲೆಯ ಮುಂದೆ ಕೂತು ಮುದ್ದೆ ತೊಳಸುತ್ತಿದ್ದಳು. ಸಮಾಧಾನದ ಮಾತು ತಯಾರು ಮಾಡಿಕೊಂಡು ಹೋಗಿದ್ದೆ. ಅವಳು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

‘ತಪ್ಪು ಗೊತ್ತಾಯ್ತು ಕಣೇ’ ಎಂದಳು. ‘ಒಂದೇ ಕಡೆ ನಿಂತು ದೊಡ್ಡ ಜಗಳ ಆಡಿದ್ರೆ ನೀರೇ ಗೆಲ್ಲುತ್ತೆ. ಮೇಲಿನ ತುದಿಯಿಂದ ಶುರು ಮಾಡಿ, ಸಣ್ಣಸಣ್ಣದಾಗಿ ಉದ್ದಕ್ಕೂ ಅದರ ಕಾಲೆಳೀತಾ ಬರಬೇಕು. ಅದಕ್ಕೆ ಸುಸ್ತಾಗಬೇಕು.’

‘ಅಷ್ಟು ಗೋಡೆ ನೀನೊಬ್ಬಳೇ ಕಟ್ಟೋಕಾಗುತ್ತಾ?’

‘ಆಗಲ್ಲ. ಅದಕ್ಕೇ ಜೋಳ ಎತ್ತಿಟ್ಟಿದೀನಿ.’

ಮೂಲೆಯ ದೊಡ್ಡ ಮಡಕೆಯಲ್ಲಿ ಬಿಯರಿಗೆಂದು ಜೋಳ ತುಂಬಿಟ್ಟಿದ್ದಳು.

ಮುಂದಿನ ಚಳಿಗಾಲದಲ್ಲಿ ಅವಳು ಊರ ಹೆಂಗಸರನ್ನು ಕೆಲಸಕ್ಕೆ ಕರೆದಳು. ಕಳೆ ಕೀಳಲು, ಕೊಯ್ಲಿಗೆ ಹೀಗೆ ಒಬ್ಬರನ್ನೊಬ್ಬರು ಕರೆಯುವುದು ನಮ್ಮಲ್ಲಿ ಇದ್ದದ್ದೇ. ಕರೆದವರು ಬಿಯರ್ ಮಾಡಬೇಕು, ಬಂದವರು ಹಾಡಿಕೊಂಡು ಕೆಲಸ ಮಾಡಬೇಕು. ಕೆಲವರು ಬಿಯರಿಗಾಗಿ ಬಂದರು, ಕೆಲವರು ನಗಲಿಕ್ಕೆ ಬಂದರು, ನಾನು ನನ್ನ ಹೊಲದ ಭಯಕ್ಕೆ ಬಂದೆ. ಬಂದವರೆಲ್ಲ ಗಂಡಂದಿರು ಗಣಿಯಲ್ಲಿದ್ದವರೇ. ಆ ಕೊರಕಲಿನೊಳಗೆ ಇಳಿದಾಗ ಒಂದು ವಿಚಿತ್ರ ಆಯಿತು. ಮೇಲೆ ಊರಿನಲ್ಲಿ ನಾವು ಇಂಥವರ ಸೊಸೆ, ಇಂಥವರ ಹೆಂಡತಿ. ಕೆಳಗೆ ಆ ಕೆಂಪು ಗೋಡೆಗಳ ನಡುವೆ ಯಾರಿಗೂ ಕಾಣದಂತೆ ನಿಂತಾಗ ಮಾತು ಬಿಚ್ಚಿತು. ಗಂಡನ ಬಗ್ಗೆ, ಅತ್ತೆಯ ಬಗ್ಗೆ, ಗಣಿಯ ಹತ್ತಿರ ಗಂಡ ಇಟ್ಟುಕೊಂಡಿರಬಹುದಾದ ಇನ್ನೊಬ್ಬಳ ಬಗ್ಗೆ ನಾವು ಆಡಿಕೊಂಡ ಮಾತಿಗೆ ಕಲ್ಲುಗಳೇ ನಾಚಿಕೊಂಡಿರಬೇಕು. ಹಾಡು ಶುರುವಾದರೆ ದಂಡೆಯಿಂದ ದಂಡೆಗೆ ಬಡಿದು ಎರಡರಷ್ಟು ದೊಡ್ಡದಾಗಿ ಕೇಳುತ್ತಿತ್ತು.

ಹತ್ತಿರದ ಕಲ್ಲೆಲ್ಲ ಮುಗಿದಾಗ ಕೆಲಸ ನಿಂತಿತು. ಗುಡ್ಡದ ಮೇಲಿನ ದೊಡ್ಡ ಕಲ್ಲುಗಳನ್ನು ತಲೆಯಲ್ಲಿ ತರಲಾಗುತ್ತಿರಲಿಲ್ಲ. ಮಾಪುಲೆಂಗ್ ಮತ್ತೆ ಮೊಹಾಪಿಯನ್ನು ಕೇಳಿದಳು, ಅವನು ಮತ್ತೆ ಇಲ್ಲವೆಂದ.

ಮರುದಿನ ಬೆಳಿಗ್ಗೆ ನಡೆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹುಲ್ಲುಚಾವಣಿಗಳ ಮೇಲೆ ಬಿಳಿಯ ಮಂಜು ಕೂತಿತ್ತು. ಮೊಹಾಪಿ ಮತ್ತು ಇನ್ನಿಬ್ಬರು ಹಿರಿಯರು ದೊಡ್ಡಿಯ ಹೊರಗೋಡೆಗೆ ಬೆನ್ನು ಕೊಟ್ಟು ಚುಟ್ಟಾ ಸೇದುತ್ತಿದ್ದರು. ಮಾಪುಲೆಂಗ್ ಮನೆಯಿಂದ ಹೊರಬಂದಳು. ಭುಜಕ್ಕೆ ನೊಗ, ಕೈಯಲ್ಲಿ ಹಗ್ಗ. ಅವರ ಮುಂದೆಯೇ ಹಾದು, ತಲೆ ತಗ್ಗಿಸಿ ಗೌರವದಿಂದಲೇ ನಮಸ್ಕಾರ ಹೇಳಿ, ದೊಡ್ಡಿಯ ಬಾಯಿಗೆ ಅಡ್ಡ ಇಟ್ಟಿದ್ದ ಮರದ ತುಂಡುಗಳನ್ನು ಒಂದೊಂದಾಗಿ ತೆಗೆದಳು. ಒಳಗೆ ಕಾಲಿಟ್ಟಳು.

ನೀರು ತರುತ್ತಿದ್ದ ಹೆಂಗಸರು ಇದ್ದಲ್ಲೇ ನಿಂತರು. ಎತ್ತುಗಳು ಅವಳನ್ನು ನೋಡಿ ಹಿಂದೆ ಸರಿದವು. ಆಗ ಅವಳು ಶಿಳ್ಳೆ ಹಾಕಿದಳು. ದನ ಕಾಯುವ ಹುಡುಗರು ಹಾಕುತ್ತಾರಲ್ಲ, ಹಾಗೆ, ಉದ್ದಕ್ಕೆ, ಕೊನೆಯಲ್ಲಿ ಬಾಗಿದ ಶಿಳ್ಳೆ. ಆಮೇಲೆ ಕಪ್ಪುಬಿಳಿ ಮಚ್ಚೆಯ ಎತ್ತು ಪಾತ್ಸ್ವಾನ ಬಿರುದುಗಳನ್ನು ಹೇಳತೊಡಗಿದಳು: ‘ಬಾರೋ ಪಾತ್ಸ್ವಾ, ಮೋಡ ಹೊದ್ದವನೇ, ಬೆಟ್ಟ ಇಳಿದ ಆಲಿಕಲ್ಲೇ, ಹೊಳೆಯನ್ನೇ ಒದ್ದು ಕೆಸರು ಮಾಡಿದವನೇ, ನನ್ನ ಮಾವ ಕರೆದರೆ ಮೂರು ಹಳ್ಳ ದಾಟಿ ಬಂದವನೇ.’ ಅವು ಗಂಡಸರು ಮಾತ್ರ ಹೇಳುವ ಬಿರುದುಗಳು. ದೊಡ್ಡಿಯ ಗೋಡೆಯ ಹೊರಗೆ ಕೂತು ಜೋಳ ಬೀಸುತ್ತಾ ವರ್ಷಗಟ್ಟಲೆ ಅವಳು ಅದನ್ನೆಲ್ಲ ಕೇಳಿಸಿಕೊಂಡಿದ್ದಳು ಎಂದು ಯಾರು ಊಹಿಸಿದ್ದರು? ಪಾತ್ಸ್ವಾ ಕಿವಿ ಅಲುಗಿಸಿತು. ಒಂದು ಹೆಜ್ಜೆ ಮುಂದೆ ಬಂತು. ತಾನೇ ಕತ್ತು ಬಗ್ಗಿಸಿ ನೊಗಕ್ಕೆ ಕೊಟ್ಟಿತು.

ಮೊಹಾಪಿ ಎದ್ದು ಓಡಿಬಂದ. ಕೆಮ್ಮಿನಿಂದ ಮಾತು ಹೊರಡುತ್ತಿರಲಿಲ್ಲ. ‘ಹೊರಗೆ ಬಾ... ಬಾ ಹೊರಗೆ... ಎತ್ತು ಹಾಳಾಗುತ್ತೆ...’

ಆಗ ಅವನ ತಾಯಿ, ಮಾಪುಲೆಂಗಳ ಅತ್ತೆ, ಕೋಲೂರಿಕೊಂಡು ಅಂಗಳಕ್ಕೆ ಬಂದಳು. ಕಣ್ಣು ಮಂಜಾಗಿದ್ದ ಮುದುಕಿ. ‘ಯಾಕೋ ಬೊಬ್ಬೆ?’ ಎಂದಳು.

‘ನೋಡವ್ವಾ, ನಿನ್ನ ಸೊಸೆ ದೊಡ್ಡಿಯೊಳಗೆ ಹೋಗಿದಾಳೆ.’

‘ಹೋಗ್ಲಿ ಬಿಡು.’

‘ಹೋಗ್ಲಿ ಅಂದ್ರೆ? ಹೆಂಗಸು ಕಾಲಿಡೋ ಜಾಗಾನಾ ಅದು?’

ಮುದುಕಿ ಕೋಲಿನ ಮೇಲೆ ಎರಡೂ ಕೈ ಇಟ್ಟು ನಿಂತಳು. ‘ನೀನು ಹುಟ್ಟಿದ ವರ್ಷ ನಿಮ್ಮಪ್ಪ ಗಣೀಲಿದ್ದ. ಊರಲ್ಲಿ ಒಬ್ಬ ಗಂಡಸಿರಲಿಲ್ಲ. ಹಸು ಈಯೋಕಾಗದೆ ಬಿದ್ದು ಒದ್ದಾಡ್ತಿತ್ತು. ಒಳಗೆ ಹೋಗಿ ಕರು ಎಳೆದೋರು ಯಾರು ಅಂದ್ಕೊಂಡಿದೀಯ?’

ಮೊಹಾಪಿ ಅವ್ವನ ಕಡೆ ತಿರುಗಿದ. ‘ನೀನಾ?’

‘ಮತ್ತೆ? ನನ್ನೆದೇಲಿ ಹಾಲಿರಲಿಲ್ಲ. ಆ ಹಸುವಿನ ಹಾಲು ಕುಡಿದೇ ನೀನು ಇಷ್ಟುದ್ದ ಆಗಿರೋದು. ಆಮೇಲೂ ಅದು ವರ್ಷವರ್ಷ ಈದಿದೆ. ನಿಮ್ಮಪ್ಪನಿಗೆ ಹೇಳಿರಲಿಲ್ಲ ಅಷ್ಟೇ, ಯಾಕೆ ಸುಮ್ನೆ ಅವರ ನಿದ್ದೆ ಕೆಡಿಸೋದು ಅಂತ.’

ಅಲ್ಲಿದ್ದ ಹಿರಿಯರಲ್ಲಿ ಒಬ್ಬ ಕೆಳಗೆ ನೋಡಿದ. ಇನ್ನೊಬ್ಬನ ಭುಜ ನಗುವಿನಿಂದ ಅಲುಗುತ್ತಿತ್ತು. ಮಾಪುಲೆಂಗ್ ಜೋಡೆತ್ತನ್ನು ಹೊರಗೆ ಹೊಡೆದುಕೊಂಡು ಬಂದಳು. ಅತ್ತೆಯ ಹತ್ತಿರ ಬಂದಾಗ ಒಂದು ಗಳಿಗೆ ನಿಂತಳು. ಮುದುಕಿ ಕೈ ಚಾಚಿ ಎತ್ತಿನ ಮುಸುಡಿಯನ್ನು ತಡವಿದಳು. ಅವಳು ಬಹಿರಂಗವಾಗಿ ಒಂದು ಎತ್ತನ್ನು ಮುಟ್ಟಿದ್ದನ್ನು ನಾವು ಅದೇ ಮೊದಲು ನೋಡಿದ್ದು.

ಆ ಚಳಿಗಾಲ ಎಳೆಬಂಡಿಯಲ್ಲಿ ಕಲ್ಲು ಇಳಿಯಿತು, ಕೊರಕಲಿನ ಮೇಲಿನ ತುದಿಯಿಂದ ಒಂದರ ಕೆಳಗೊಂದು ಮೊಣಕಾಲೆತ್ತರದ ಗೋಡೆಗಳು ಎದ್ದವು. ಎತ್ತುಗಳಿಗೆ ಏನೂ ಆಗಲಿಲ್ಲ. ಉಳಿದ ಹೆಂಗಸರು ದೊಡ್ಡಿಗೆ ಹೋಗುವ ಧೈರ್ಯ ಮಾಡಲಿಲ್ಲ. ಆದರೆ ಹೊರಗೆ ನೊಗ ಕಟ್ಟಿದ ಎತ್ತಿನ ಹಗ್ಗ ಹಿಡಿಯಲು ನಾನು ಕಲಿತೆ.

ನಮ್ಮಲ್ಲಿ ನಡುಬೇಸಿಗೆಗೆ ಬರುವ ಕ್ರಿಸ್ಮಸ್ಸಿಗೆ ಲೆಬಿನಾ ಬಂದ. ಹೊಳೆಯುವ ಬೂಟು, ಹೆಗಲಲ್ಲಿ ರೇಡಿಯೊ. ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ದಾರಿಯಲ್ಲಿ ಸಿಕ್ಕವರೆಲ್ಲ ಅವನಿಗೆ ಸುದ್ದಿ ಮುಟ್ಟಿಸಿದ್ದರು. ಮೋಟುಗೋಡೆಯ ಈಚೆಗೆ ಅವರ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

‘ಊರೆಲ್ಲ ನನ್ನ ನೋಡಿ ನಗ್ತಿದೆ. ಲೆಬಿನಾನ ಹೆಂಡ್ತಿ ಪ್ಯಾಂಟು ಹಾಕ್ಕೊಂಡಿದಾಳೆ ಅಂತಾರೆ. ದೊಡ್ಡಿಗೆ ಹೋದೆಯಂತೆ?’

‘ಹೋದೆ.’

‘ಎತ್ತಿಗೆ ಏನಾದ್ರೂ ಆಗಿದ್ರೆ?’

‘ನೀವೇ ಹೋಗಿ ನೋಡಿ, ಪುಲೆಂಗಳಪ್ಪ. ಕೊಬ್ಬಿದಾವೆ.’

‘ನನ್ನನ್ನ ಒಂದು ಮಾತು ಕೇಳಬಾರದಿತ್ತಾ?’

‘ಕೇಳೋಣ ಅಂತಲೇ ಇದ್ದೆ. ನೀವು ಕೂಗಿದ್ರೆ ಕೇಳೋ ದೂರದಲ್ಲಿರಲಿಲ್ಲ.’

ಮರುದಿನ ಅವನು ಒಬ್ಬನೇ ಕೊರಕಲಿನ ಕಡೆ ನಡೆದದ್ದನ್ನು ಕಂಡು ನಾನು ಮಾಪುಲೆಂಗಳನ್ನು ಕರೆದೆ. ನಾವಿಬ್ಬರೂ ದಂಡೆಯ ಮೇಲೆ ನಿಂತು ನೋಡಿದೆವು. ಅವನು ಕೊರಕಲಿನೊಳಗೆ ಗೋಡೆಯಿಂದ ಗೋಡೆಗೆ ಇಳಿಯುತ್ತಾ ಹೋಗುತ್ತಿದ್ದ. ಒಂದೊಂದರ ಮುಂದೆಯೂ ನಿಂತು ಬೂಟಿನ ತುದಿಯಿಂದ ಕಲ್ಲನ್ನು ಒದ್ದು ನೋಡುತ್ತಿದ್ದ. ಕಿತ್ತುಹಾಕಲಿಕ್ಕೇ ಬಂದಿದ್ದಾನೆ ಎಂದುಕೊಂಡೆ. ಬಹಳ ಹೊತ್ತಿನ ಮೇಲೆ ತಲೆಯೆತ್ತಿ ಕೂಗಿದ.

‘ಇದನ್ನ ಯಾರು ಕಟ್ಟಿದ್ದು?’

‘ನಾವೇ’ ಎಂದಳು ಮಾಪುಲೆಂಗ್.

‘ನಡುವೆ ಚೆನ್ನಾಗಿದೆ. ತುದಿ ಸರಿಯಿಲ್ಲ.’

ಅವನು ಬೂಟು ಬಿಚ್ಚಿ ಬಂಡೆಯ ಮೇಲಿಟ್ಟ. ಅಂಗಿ ಬಿಚ್ಚಿದ. ಗಣಿಯಲ್ಲಿ ಅವನ ಕೆಲಸ ಮರ ಪೇರಿಸುವುದು. ತಲೆಯ ಮೇಲಿನ ಬಂಡೆ ಕುಸಿಯದ ಹಾಗೆ ದಿಮ್ಮಿಯ ಮೇಲೆ ದಿಮ್ಮಿ ಅಡ್ಡಡ್ಡ ಇಟ್ಟು ಆಸರೆ ಕೊಡುವವನು. ‘ನೆಲದೊಳಗೂ ಹೀಗೇ’ ಎಂದ. ‘ಎದುರಿಗೆ ನಿಂತದ್ದು ನಮ್ಮನ್ನ ಕೊಲ್ಲಲ್ಲ. ಪಕ್ಕದಿಂದ ನುಸುಳಿ ಬರೋದು ಕೊಲ್ಲುತ್ತೆ. ನೀರು ನಿಮ್ಮ ಗೋಡೆ ಒಡೆಯಲ್ಲ, ಸುತ್ತಿ ಬರುತ್ತೆ. ಗೋಡೆಯ ಎರಡೂ ತುದಿಗಳನ್ನ ದಂಡೆಯೊಳಗೆ ಒಂದಾಳು ಉದ್ದ ಹೂತುಹಾಕಬೇಕು. ನಡುವೆ ಸ್ವಲ್ಪ ತಗ್ಗು ಬಿಡಬೇಕು, ನೀರಿಗೂ ಒಂದು ದಾರಿ ಇರಲಿ.’

ಆ ರಜೆ ಪೂರ್ತಿ ಅವನು ಕೊರಕಲಿನಲ್ಲಿ ಕಳೆದ. ರಜೆಗೆ ಬಂದಿದ್ದ ಇತರ ಗಂಡಸರೂ ಮೊದಲು ತಮಾಷೆಗೆ, ಆಮೇಲೆ ಮೈಮುರಿದು ಸೇರಿದರು. ನನ್ನವನೂ ಇಳಿದ. ಹೊಳೆದಂಡೆಯಿಂದ ವಿಲೋ ಮರದ ಕೊಂಬೆಗಳನ್ನು ಕಡಿದು ತಂದು ಗೋಡೆಗಳ ಹಿಂದೆ ಗೂಟದ ಹಾಗೆ ನೆಟ್ಟೆವು. ಅಂಗಳದಲ್ಲಿ ಕೂತ ಮುದುಕಿ, ‘ವರ್ಷಕ್ಕೊಮ್ಮೆ ಬೆಳಕು ನೋಡಲಿ ಅಂತ ಕಳಿಸಿದ್ರೆ ಇವನು ಮತ್ತೆ ಗುಂಡಿಗೇ ಇಳಿದನಲ್ಲ’ ಎಂದು ಗೊಣಗುತ್ತಿದ್ದಳು. ಲೆಬಿನಾ ಹೊರಡುವ ದಿನ ಬಸ್ಸಿನ ಕಿಟಕಿಯಿಂದ ಹೆಂಡತಿಗೆ ಹೇಳಿದ್ದು ಒಂದೇ ಮಾತು: ‘ಕೆಳಗಿನ ಆ ಮೂರು ಗೋಡೆಯ ಎಡತುದಿ ಇನ್ನೂ ಆಳ ಹೋಗಬೇಕು.’ ಹೊಸದಾಗಿ ಮದುವೆಯಾದವರು ಆಡುವ ಮಾತನ್ನು ಕೇಳಿಸಿಕೊಂಡ ಹಾಗೆ ಮಾಪುಲೆಂಗ್ ನಾಚಿ ತಲೆ ತಗ್ಗಿಸಿದಳು.

ಪರೀಕ್ಷೆ ಫೆಬ್ರವರಿಯಲ್ಲಿ ಬಂತು. ಮಧ್ಯಾಹ್ನವೇ ಆಕಾಶ ಕಪ್ಪಿಟ್ಟಿತು. ಮೊದಲು ಆಲಿಕಲ್ಲು, ಹಿಂದೆಯೇ ಬೆಟ್ಟವೇ ಕರಗಿ ಬಂದಂಥ ಮಳೆ. ಅಂಥ ಮಳೆಯಲ್ಲಿ ಮನೆಯೊಳಗೆ ಕೂರುತ್ತಿದ್ದ ನಾವು ಅವತ್ತು ಒಬ್ಬರೂ ಒಳಗಿರಲಿಲ್ಲ. ಕಂಬಳಿ ತಲೆಗೆ ಹೊದ್ದು ಕೊರಕಲಿನ ದಂಡೆಯಿಂದ ದೂರ ಸಾಲಾಗಿ ನಿಂತೆವು. ನೀರು ಬರುವ ಮೊದಲು ಅದರ ಸದ್ದು ಬಂತು. ಪಾದದ ಕೆಳಗೆ ನೆಲ ನಡುಗಿತು. ಆಮೇಲೆ ಕೆಂಪು ನೀರು ತಿರುವಿನಲ್ಲಿ ಕಾಣಿಸಿತು. ಮರದ ಬೊಡ್ಡೆ, ಸತ್ತ ಕುರಿ, ಯಾರದೋ ಬೇಲಿ, ಎಲ್ಲವನ್ನೂ ಹೊತ್ತು ನುಗ್ಗಿ ಬಂದು ಮೊದಲ ಗೋಡೆಗೆ ಅಪ್ಪಳಿಸಿತು.

ಗೋಡೆ ಕಾಣೆಯಾಯಿತು. ಪಕ್ಕದವಳು ‘ಹೋಯ್ತು’ ಎಂದಳು. ನಾನು ಕಣ್ಣು ಮುಚ್ಚಿಕೊಂಡೆ.

‘ಕಣ್ಬಿಡೇ’ ಎಂದಳು ಮಾಪುಲೆಂಗ್, ನನ್ನ ತೋಳು ಹಿಡಿದು. ‘ಕೆಳಗೆ ನೋಡು.’

ಗೋಡೆ ಹೋಗಿರಲಿಲ್ಲ, ನೀರಿನ ಕೆಳಗಿತ್ತು. ನೀರು ನಡುವಿನ ತಗ್ಗಿನಲ್ಲಿ ತುಂಬಿ ಮುಂದಿನ ಗೋಡೆಗೆ ಇಳಿಯಿತು, ಅಲ್ಲಿಂದ ಅದರ ಮುಂದಿನದಕ್ಕೆ. ಮೆಟ್ಟಿಲು ಇಳಿಯುವ ಮುದುಕನ ಹಾಗೆ ಒಂದೊಂದರಲ್ಲೂ ತಡೆದು, ಉಸಿರು ಬಿಟ್ಟು, ಮತ್ತೆ ಇಳಿಯಿತು. ಕೆಳಗಿನ ಎರಡು ಗೋಡೆಗಳು ಕೊಚ್ಚಿಹೋದವು. ಆದರೆ ಊರ ಕೆಳಗಿನ ಬಾಯಿಯಲ್ಲಿ ಹೊರಬಿದ್ದ ನೀರು ನಾವು ಸೊಸೆಯರಾಗಿ ಬಂದಾಗಿನಿಂದ ಕಂಡ ನೀರಾಗಿರಲಿಲ್ಲ. ಅದು ನಡೆಯುತ್ತಿತ್ತು. ಅವತ್ತು ಒಂದೇ ಒಂದು ‘ಧೊಪ್’ ಸದ್ದೂ ಕೇಳಿಸಲಿಲ್ಲ. ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಚರ್ಚಿನಲ್ಲಿ ನಿಂತ ಹಾಗೆ ನಿಂತಿದ್ದೆವು, ಮಳೆ ಪೂರ್ತಿ ನಿಂತ ಮೇಲೂ.

ಬೆಳಗಾಗಿ ನೋಡಿದರೆ ಉಳಿದ ಪ್ರತಿ ಗೋಡೆಯ ಹಿಂದೆಯೂ ಅಂಚಿನವರೆಗೆ ಕಪ್ಪು ಮಣ್ಣು. ಮೊಣಕೈವರೆಗೆ ಕೈ ಇಳಿಸಿದರೂ ಕಲ್ಲು ಸಿಗದಂಥ ಮಣ್ಣು. ಅದರಲ್ಲಿ ಕುಂಬಳ ಹಾಕಿದೆವು, ಹುರುಳಿಕಾಯಿ ಹಾಕಿದೆವು. ಮುಂದಿನ ವರ್ಷ ಗೋಡೆಗಳನ್ನು ಎತ್ತರಿಸಿ ಮುಸುಕಿನ ಜೋಳ ಹಾಕಿದೆವು. ಮೇಲೆ ಹೊಲಗಳಲ್ಲಿ ಬಿಸಿಲಿಗೆ ಎಲೆ ಸುರುಟಿದ ವರ್ಷವೂ ಕೊರಕಲಿನೊಳಗಿನ ಜೋಳ ದಂಡೆಯ ಮೇಲಕ್ಕೆ ತಲೆ ಹಾಕಿ ನೋಡುತ್ತಿತ್ತು. ವಿಲೋ ಗೂಟಗಳೆಲ್ಲ ಚಿಗುರಿ ಮರವಾದವು. ಮತ್ತೊಂದು ಸಂಗತಿ ನಡೆಯಿತು. ಒಣ ಚಳಿಗಾಲದ ನಡುವೆ ಕೆಳಗಿನ ಗೋಡೆಯ ಬುಡದಲ್ಲಿ ನೀರು ಜಿನುಗತೊಡಗಿತು. ತಿಳಿಯಾದ, ತಣ್ಣನೆಯ ನೀರು. ಮಾಪುಲೆಂಗ್ ಅತ್ತೆಯನ್ನು ಎಳೆಬಂಡಿಯಲ್ಲಿ ಕೂರಿಸಿ ಅಲ್ಲಿಗೆ ಕರೆತಂದಳು. ಮುದುಕಿ ಬೊಗಸೆಯಲ್ಲಿ ಕುಡಿದು ಬಾಯಿ ಚಪ್ಪರಿಸಿ, ‘ಇದು ನಾನು ಸೊಸೆಯಾಗಿ ಬಂದಾಗ ಇದ್ದ ಬುಗ್ಗೆ’ ಎಂದಳು. ಅಲ್ಲೊಂದು ಬುಗ್ಗೆ ಇತ್ತೆಂದು ನಮಗೆ ಯಾರಿಗೂ ಗೊತ್ತೇ ಇರಲಿಲ್ಲ.

ಬೆಳೆ ಬಂದ ಮೇಲೆ ಕಣ್ಣುಗಳೂ ಬಿದ್ದವು. ಮೇಲಿನ ಹೊಲದ ಸೆಕೊನ್ಯೆಲಾ ಎಂಬವನು, ಆ ಮಣ್ಣು ತನ್ನ ಹೊಲದಿಂದ ಹರಿದುಬಂದದ್ದು, ಹಾಗಾಗಿ ಆ ನೆಲ ತನ್ನದು ಎಂದ. ಮೊಹಾಪಿ, ಅದು ತಮ್ಮನ ಹೊಲಕ್ಕೆ ಅಂಟಿಕೊಂಡಿದೆ, ಹಾಗಾಗಿ ತಮ್ಮ ಮನೆತನದ್ದು, ಅದನ್ನು ಯಾರಿಗೆ ಕೊಡಬೇಕೆಂದು ಹೇಳಬೇಕಾದವನು ತಾನು ಎಂದ. ದೂರು ಒಡೆಯನ ಬಳಿ ಹೋಯಿತು. ಒಡೆಯನಿಗೆ ತುಂಬಾ ವಯಸ್ಸಾಗಿತ್ತು. ನ್ಯಾಯ ಕೇಳುವ ಕಟ್ಟೆಯಲ್ಲಿ ಕೂರದೆ ಕುದುರೆ ಹತ್ತಿ ತಾನೇ ಕೊರಕಲಿಗೆ ಬಂದ. ಗಂಡಸರು ಒಂದು ಕಡೆ, ನಾವು ಹೆಂಗಸರು ಸ್ವಲ್ಪ ದೂರದಲ್ಲಿ ನೆಲದ ಮೇಲೆ.

‘ನಿನ್ನ ಮಣ್ಣಾ ಇದು?’ ಎಂದು ಸೆಕೊನ್ಯೆಲಾನನ್ನು ಕೇಳಿದ.

‘ಹೌದು ಒಡೆಯಾ. ನನ್ನ ಹೊಲದ್ದೇ.’

‘ಗುರುತು ಹಿಡಿದು ಆರಿಸ್ಕೊ. ತಗೊಂಡುಹೋಗು, ಯಾರೂ ತಡೆಯಲ್ಲ.’

ಗಂಡಸರ ಕಡೆಯೇ ನಗು ಎದ್ದಿತು. ಒಡೆಯ ಮೊಹಾಪಿಯತ್ತ ತಿರುಗಿದ. ‘ನಿನ್ನ ತಮ್ಮನ ಹೊಲದ ಗಡಿ ಯಾವುದು?’

‘ಈ ದಂಡೆವರೆಗೆ, ಒಡೆಯಾ.’

‘ದಂಡೆವರೆಗೆ. ಸರಿ. ನಮ್ಮಜ್ಜ ಈ ಊರಿನ ಹೊಲ ಹಂಚಿದಾಗ ನಾನು ಸಣ್ಣವ, ಜೊತೇಲಿದ್ದೆ. ಯಾರಿಗೆ ಯಾವುದು ಅಂತ ನನಗೆ ಜ್ಞಾಪಕ ಇದೆ. ಈ ನೆಲಾನ ಅವರು ಯಾರಿಗೂ ಕೊಡಲಿಲ್ಲ. ಯಾಕಂದ್ರೆ ಆಗ ಇದು ಇರಲೇ ಇಲ್ಲ.’ ಜೋಳದ ಕಡೆ ತಿರುಗಿದ. ‘ನನ್ನ ಜೀವಮಾನದಲ್ಲಿ ನೆಲ ಹೋಗೋದನ್ನೇ ನೋಡಿದೀನಿ. ಬರೋದನ್ನ ನೋಡಿರಲಿಲ್ಲ. ಇದನ್ನ ತಂದೋರು ಯಾರೋ ಅವರದ್ದು. ಮೇಲಿನ ಅರ್ಧ ಮಾಪುಲೆಂಗಳದ್ದು. ಕೆಳಗಿನದು ಅವಳ ಜೊತೆ ಕಲ್ಲು ಹೊತ್ತ ಹೆಂಗಸರದ್ದು, ಒಬ್ಬೊಬ್ಬಳಿಗೆ ಒಂದೊಂದು ಗೋಡೆ.’

‘ಗಂಡ ಬದುಕಿರುವಾಗ ಹೆಂಡತಿಗೆ ಹೊಲಾನಾ, ಒಡೆಯಾ? ಎಲ್ಲೂ ಇಲ್ಲದ್ದು’ ಎಂದ ಒಬ್ಬ ಹಿರಿಯ.

‘ಕೊರಕಲೊಳಗೆ ಜೋಳ ಬೆಳೆದದ್ದೂ ಎಲ್ಲೂ ಇರಲಿಲ್ಲ’ ಎಂದ ಒಡೆಯ. ಆಮೇಲೆ ನಮ್ಮ ಕಡೆ ನೋಡಿ ಕೇಳಿದ: ‘ನೀನೇನಾದ್ರೂ ಹೇಳೋದಿದೆಯೇನಮ್ಮಾ?’

ಮಾಪುಲೆಂಗ್ ಎದ್ದು ನಿಂತಳು. ‘ಹೊತ್ತಾಯ್ತು, ಒಡೆಯಾ’ ಎಂದಳು. ‘ಹುರುಳಿಕಾಯಿ ಬಲಿತುಹೋಗ್ತಿದೆ. ಕೀಳಬೇಕು.’

ಒಡೆಯ ನಕ್ಕು ಕುದುರೆ ಹತ್ತಿದ. ಅವನು ಹೋದ ಮೇಲೂ ಬಹಳ ಹೊತ್ತು ನಾನು ನನ್ನ ಪಾಲಿನ ಗೋಡೆಯ ಹತ್ತಿರ ಕೂತಿದ್ದೆ. ನನ್ನದು ಎಂದು ಹೇಳಿಕೊಳ್ಳಲು ನನಗೆ ಒಂದು ಮಡಕೆಯ ಹೊರತು ಏನೂ ಇರಲಿಲ್ಲ. ಅವತ್ತು ನೆಲವಿತ್ತು. ಅದರ ಮೇಲೆ ಅಂಗೈ ಇಟ್ಟೆ, ಬೆಚ್ಚಗಿತ್ತು.

ಮೊಹಾಪಿ ಒಂದು ವರ್ಷ ಮುಖ ತಿರುಗಿಸಿಕೊಂಡಿದ್ದ. ಆಮೇಲೆ ಒಂದು ಬೆಳಿಗ್ಗೆ ತನ್ನ ಹೊಸ ಸೊಸೆಯನ್ನು ಕರೆದುಕೊಂಡು ಮೋಟುಗೋಡೆಯ ಹತ್ತಿರ ಬಂದ. ಮಗ ಗಣಿಗೆ ಹೋಗಿದ್ದ, ಇವನಿಗೆ ನೇಗಿಲು ಹಿಡಿಯುವ ಉಸಿರು ಉಳಿದಿರಲಿಲ್ಲ. ‘ಇವಳಿಗೆ ನೊಗ ಕಟ್ಟೋದು ಹೇಳ್ಕೊಡವ್ವಾ’ ಎಂದ, ಬೇರೆ ಕಡೆ ನೋಡುತ್ತಾ. ‘ಶಿಳ್ಳೇನೂ ಕಲಿಸಲಾ, ಭಾವ?’ ಎಂದು ಮಾಪುಲೆಂಗ್ ಕೇಳಿದಳು. ‘ಎಲ್ಲಾ ಕಲಿಸು’ ಎಂದ.

ಕೊರಕಲಿನ ಕೆಳಭಾಗ ನಮ್ಮ ಕೈಗೆ ಸಿಗಲೇ ಇಲ್ಲ. ಹೊಳೆಯ ಹತ್ತಿರ ಅದು ಇನ್ನೂ ಬಾಯಿ ತೆರೆದುಕೊಂಡೇ ಇದೆ. ಪಕ್ಕದೂರಿನವರ ಹೊಲ ತಿನ್ನುತ್ತಿದೆ. ಅವರ ಹೆಂಗಸರು ಬಂದು ನೋಡಿಕೊಂಡು ಹೋಗುತ್ತಾರೆ. ಕೆಲವರು ಕಟ್ಟಿದ್ದಾರೆ, ಕೆಲವರದ್ದು ಕೊಚ್ಚಿಹೋಗಿದೆ. ಪುಲೆಂಗ್ ದೊಡ್ಡವಳಾಗಿ ಪಟ್ಟಣದ ಬಟ್ಟೆ ಕಾರ್ಖಾನೆಗೆ ಹೊಲಿಯಲು ಹೋದಳು. ಈಗ ಊರು ಬಿಡುವ ಸರದಿ ಹುಡುಗಿಯರದ್ದು.

ಗಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿ ಗಂಡಸರನ್ನು ಮನೆಗೆ ಕಳಿಸಿದ ವರ್ಷ ಲೆಬಿನಾನೂ ಬಂದ. ಈ ಸಲ ರಜೆಗಲ್ಲ. ಮೊದಲ ಕೆಲವು ವಾರ ಉಳಿದ ಗಂಡಸರ ಜೊತೆ ದೊಡ್ಡಿಯ ಗೋಡೆಗೆ ಒರಗಿ ಕೂತ. ಕತ್ತಲೆಯಲ್ಲಿ ದುಡಿದು ಬಂದವರಿಗೆ ಬಿಸಿಲಿನಲ್ಲಿ ಏನು ಮಾಡಬೇಕೆಂದು ತಿಳಿಯದ ಹಾಗಿತ್ತು. ಅಕ್ಟೋಬರಿನಲ್ಲಿ ಮೊದಲ ಮಳೆ ಬಿದ್ದ ಬೆಳಿಗ್ಗೆ ಅವನು ಎದ್ದು ಹೆಂಡತಿಯ ಬಳಿ ಹೋದ.

‘ಇವತ್ತು ಎಲ್ಲಿ ಉಳೋದು?’ ಎಂದು ಕೇಳಿದ.

‘ಮೇಲಿನ ಹೊಲ. ನೇಗಿಲು ನೀವು ಹಿಡೀರಿ, ಎತ್ತಿನ ಮುಂದೆ ನಾನಿರ್ತೀನಿ.’

ನಾನು ಬದುವಿನ ಈಚೆ ಬೀಜ ಕಟ್ಟಿಕೊಂಡು ನಿಂತಿದ್ದೆ. ಅವನ ಮೊದಲ ಸಾಲು ಹಾವಿನ ಹಾಗೆ ಸೊಟ್ಟ ಹೋಯಿತು. ಮದುವೆಯಾದಾಗಿನಿಂದ ಅವನು ಬಿತ್ತನೆಗೆ ಊರಲ್ಲಿದ್ದದ್ದು ಅದೇ ಮೊದಲು. ಹೊಲದ ಕೊನೆಯಲ್ಲಿ ನಿಂತು ಹಿಂದೆ ನೋಡಿ, ನಾಚಿಕೊಂಡು, ಹಣೆ ಒರೆಸಿಕೊಂಡ. ಮಾಪುಲೆಂಗ್ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದಳು. ನಾನು ನಕ್ಕು ಮುಗಿಸಿದ ಮೇಲೆ ಅವಳು ನಗಲು ಶುರು ಮಾಡಿದಳು, ಅವನೂ ನಕ್ಕ. ಎತ್ತುಗಳನ್ನು ತಿರುಗಿಸಿಕೊಂಡು ಇಬ್ಬರೂ ಎರಡನೆಯ ಸಾಲಿಗೆ ಹೊರಟರು.